ಅಘನಾಶಿನಿ: ಬೇಲಿಯಿಲ್ಲದ ಪಕ್ಷಿಧಾಮ

ಪಕ್ಷಿಧಾಮವೆಂದೊಡನೆ ನಮಗೆ ನೆನಪಾಗುವುದು ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ ಮೈಸೂರು ಸಂಸ್ಥಾನ 1940ರಲ್ಲಿ ಅದಕ್ಕೆ ರಕ್ಷಣೆ ನೀಡಿತು. ಆದರೆ ಯಾವ ಅರಸನ ಆದೇಶವೂ ಇಲ್ಲದೆ, ರೈತರ ದುಡಿಮೆಯಿಂದಲೇ ಹಕ್ಕಿಗಳಿಗೆ ಆಸರೆಯಾದ ತಾಣವೊಂದು ಕುಮಟಾದಲ್ಲಿದೆ. ಅದು ಅಘನಾಶಿನಿ ನದಿಯ ಅಳಿವೆ.

ಅಳಿವೆಯ ಅಂಚಿನ ಗದ್ದೆಗಳಿಗೆ ಗಜನಿ ಎಂದು ಹೆಸರು. ಮಳೆಗಾಲದಲ್ಲಿ ಮಣ್ಣಿನ ಕಟ್ಟೆ ಕಡಲ ನೀರನ್ನು ತಡೆದು ನಿಲ್ಲಿಸಿದರೆ, ಉಪ್ಪನ್ನು ತಾಳಬಲ್ಲ ಕಗ್ಗ ಭತ್ತ ಬೆಳೆಯುತ್ತದೆ. ರೈತರು ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಿದ್ದರು. ಕೊಯ್ಲು ಮುಗಿದ ಮೇಲೆ ಉಬ್ಬರದ ನೀರನ್ನು ಒಳಬಿಟ್ಟರೆ ಆ ಹುಲ್ಲು ಕೊಳೆತು ಮೀನು, ಸಿಗಡಿಗಳಿಗೆ ಆಹಾರವಾಗುತ್ತಿತ್ತು. ಉತ್ತರದ ಚಳಿ ತಾಳದೆ ವಲಸೆ ಬರುವ ಹಕ್ಕಿಗಳು ಇಲ್ಲಿ ಇಳಿಯುವುದೂ ಅದೇ ಕಾಲಕ್ಕೆ. ಮನುಷ್ಯನ ಊಟ ಮುಗಿದಲ್ಲಿಂದ ಹಕ್ಕಿಯ ಊಟ ಆರಂಭ!

1970ರ ದಶಕದಲ್ಲಿ ಸರಕಾರ ಶಾಶ್ವತ ಕಟ್ಟೆಗಳನ್ನು ಕಟ್ಟಿಸಿತು. ನೀರಿನ ಸಹಜ ಓಡಾಟಕ್ಕೆ ತಡೆಯಾಯಿತು, ಕಾಂಡ್ಲಾ ಕಾಡು ಸೊರಗಿತು. ಬಳಿಕ ಲಾಭದ ಆಸೆಯಿಂದ ಸಿಗಡಿ ಸಾಕಣೆ ಬಂತು. ಕಗ್ಗ ಹಿಂದೆ ಸರಿಯಿತು. ಸಾಂಪ್ರದಾಯಿಕವಲ್ಲದ ಸಿಗಡಿ ಕೆರೆಗಳನ್ನು ಕರಾವಳಿ ನಿಯಂತ್ರಣ ವಲಯದಿಂದ ತೆರವುಗೊಳಿಸುವಂತೆ ಸುಪ್ರೀಂ ಕೋರ್ಟ್ 1996ರಲ್ಲಿ ಆದೇಶಿಸಿತು. 2000ರ ದಶಕದಲ್ಲಿ ತದಡಿಗೆ 4,000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಯೋಜನೆ ಬಂದಾಗ ಮೀನುಗಾರರೂ ರೈತರೂ ವಿರೋಧಿಸಿದರು. ಅದು ಕೈಬಿಟ್ಟು ಹೋಯಿತು.

ನೆರೆಯ ಹೊನ್ನಾವರದ ಪಾಠವನ್ನೂ ನಾವು ಮರೆಯಬಾರದು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂತು. ವಿದ್ಯುದಾಗಾರಗಳಿಂದ ವರ್ಷವಿಡೀ ಹರಿದುಬರುವ ಸಿಹಿನೀರಿನಿಂದ ಅಲ್ಲಿನ ಅಳಿವೆಯ ಉಪ್ಪು ತಗ್ಗಿ, ಚಿಪ್ಪಿಕಲ್ಲಿನ ಸಂಪತ್ತು ಕುಸಿಯಿತು. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಅದು ಉಳಿಯಿತು. ಅದನ್ನು ಆಯ್ದು ಬದುಕುವ ಮಹಿಳೆಯರ ಕುಟುಂಬಗಳೂ ಉಳಿದವು.

ಜಲಪಕ್ಷಿಗಳ ನೆಲೆಗಳನ್ನು ಕಾಪಾಡಲು 1971ರಲ್ಲಿ ಇರಾನಿನ ರಾಮ್ಸರ್ ನಗರದಲ್ಲಿ ಒಪ್ಪಂದವೊಂದಾಯಿತು. 2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಆ ಪಟ್ಟಿಗೆ ಸೇರಿತು. ಜನರನ್ನು ಹೊರಹಾಕುವುದು ಆ ಒಪ್ಪಂದದ ಉದ್ದೇಶವಲ್ಲ. ಜೌಗು ನೆಲವನ್ನು ವಿವೇಕದಿಂದ ಬಳಸಬೇಕೆಂಬುದೇ ಅದರ ತಿರುಳು. ಕಗ್ಗದ ರೈತರು ಮಾಡುತ್ತ ಬಂದದ್ದೂ ಅದನ್ನೇ.

ಇತ್ತೀಚೆಗೆ ಅಘನಾಶಿನಿಯ ನೀರನ್ನು ವೇದಾವತಿಗೆ ತಿರುಗಿಸುವ ಪ್ರಸ್ತಾಪ ಬಂದಿದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಕಡಲಿಗೆ ಸೇರುವ ನೀರು ವ್ಯರ್ಥವೆನ್ನುವವರು ಒಮ್ಮೆ ಶರಾವತಿಯ ಅಳಿವೆಯನ್ನು ನೋಡಿ ಬರಲಿ. ಪಟ್ಟಿಯಲ್ಲಿ ಹೆಸರು ಉಳಿದು ನದಿಯೇ ಸೊರಗಿದರೆ, ಹಕ್ಕಿ ಬಂದು ಇಳಿಯುವುದಾದರೂ ಎಲ್ಲಿಗೆ?