ಯಾರ ಹೆಸರಲ್ಲಿ ಪ್ರಮಾಣ?

ಪೋಸ್ಟ್ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಕೆಲವು ವರ್ಷಗಳ ಹಿಂದೆ ಒಂದು ದೌರ್ಜನ್ಯ ಪ್ರಕರಣದಲ್ಲಿ ಸಾಕ್ಷಿ ಹೇಳಲು ಕೋರ್ಟಿಗೆ ಹೋಗಿದ್ದೆ. ಕಟಕಟೆಯಲ್ಲಿ ನಿಂತ ಕೂಡಲೇ "ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ ಅನ್ರಿ" ಅಂದ್ರು. ನಾನು ಸುಮ್ಮನೆ ನಿಂತೆ. "ಮೊದಲಿಂದಲೂ ಹಿಂಗೇ ರೀ, ಬೇಗ ಹೇಳ್ರಿ" ಅಂದ್ರು. ಹೇಳಿಬಿಟ್ಟೆ. ಆಮೇಲೆ ಹೇಳಿದ್ದೆಲ್ಲ ನಾನು ಕಂಡ ನಿಜವೇ. ಆದರೆ ಆ ಮೊದಲ ವಾಕ್ಯ ನನ್ನದಾಗಿರಲಿಲ್ಲ.

ಕೊಕ್ಕನೂರಿಗೆ ಬಂದು ಅವ್ವನ ಹತ್ರ ಇದನ್ನ ಹೇಳಿದೆ. ಅವ್ವ ತನ್ನ ತವರೂರಿನ ಕತೆ ತೆಗೆದಳು. ಕಣದಲ್ಲಿ ಜೋಳ ಕಡಿಮೆ ಬಂತು ಅಂತ ನಮ್ಮಜ್ಜನ ಮೇಲೆ ಅನುಮಾನ ಪಟ್ಟು, ಗುಡಿ ಮುಂದೆ ಆಣೆ ಮಾಡು ಅಂದರಂತೆ. ಅಜ್ಜ ಬೀದಿಯಲ್ಲೇ ನಿಂತು, ದೂರದಿಂದ ಗುಡಿ ಕಡೆ ಕೈಮುಗಿದು ಆಣೆ ಮಾಡಿದ. ಅವ್ವ ಅಂದಳು: "ಆಣೆ ಮಾಡಾಕೆ ಅವ ನಮಗೂ ದೇವ್ರು, ಒಳಗ ಹೋಗಾಕೆ ಮಾತ್ರ ಅವ್ರ ದೇವ್ರು."

ಅವತ್ತಿನಿಂದ "ಮೊದಲಿಂದಲೂ ಹಿಂಗೇ" ಅನ್ನೋ ಮಾತು ನನ್ನ ತಲೆಯಲ್ಲಿ ಕೊರೀತಾನೇ ಇತ್ತು. ಓದಿ ನೋಡಿದರೆ ಅದು ನಿಜ ಅಲ್ಲ.

ಬಾಬಾಸಾಹೇಬರು ಅಧ್ಯಕ್ಷರಾಗಿದ್ದ ಕರಡು ಸಮಿತಿ 1948ರಲ್ಲಿ ಕೊಟ್ಟ ಸಂವಿಧಾನದ ಕರಡಿನಲ್ಲಿ, ರಾಷ್ಟ್ರಪತಿಯ ಪ್ರಮಾಣವಚನದೊಳಗೆ ದೇವರ ಹೆಸರೇ ಇರಲಿಲ್ಲ. ಅದು ಸೇರಬೇಕು ಅಂತ ಒತ್ತಾಯ ಬಂದು, ಆ ಡಿಸೆಂಬರ್ ಕೊನೆಯಲ್ಲಿ ಸಂವಿಧಾನ ಸಭೆಯಲ್ಲಿ ಚರ್ಚೆಯಾಯಿತು. ಕೊನೆಗೆ ಎರಡೂ ಉಳಿದವು. ಬೇಕಾದವರು ದೇವರ ಹೆಸರಲ್ಲಿ ಪ್ರಮಾಣ ಮಾಡಲಿ, ಬೇಡದವರು ಸತ್ಯನಿಷ್ಠೆಯಿಂದ ದೃಢೀಕರಿಸಲಿ. ಶಾಸಕರು, ಮಂತ್ರಿಗಳು, ನ್ಯಾಯಾಧೀಶರಿಗೆ ಮೂರನೇ ಅನುಸೂಚಿಯಲ್ಲಿ ಇವತ್ತಿಗೂ ಇರುವುದು ಈ ಎರಡೂ ಬಾಗಿಲು.

ಅಲ್ಲಿಗೇ ಮುಗಿಯಲಿಲ್ಲ. 1949ರ ಅಕ್ಟೋಬರ್ 17ರಂದು ಪೀಠಿಕೆ ಚರ್ಚೆಗೆ ಬಂತು. ನಮ್ಮ ಮಂಗಳೂರಿನಲ್ಲೇ ಹುಟ್ಟಿದ ಎಚ್.ವಿ. ಕಾಮತ್, ಪೀಠಿಕೆ ದೇವರ ಹೆಸರಿನಿಂದಲೇ ಶುರುವಾಗಬೇಕು ಅಂತ ತಿದ್ದುಪಡಿ ತಂದರು. ಬರೀ ದೇವರು ಯಾಕೆ, ದೇವಿಯ ಹೆಸರೂ ಬೇಕು ಅಂತ ಅಸ್ಸಾಮಿನ ರೋಹಿಣಿ ಕುಮಾರ್ ಚೌಧರಿ ಎದ್ದರು. ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದು ಅಂತ ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೆ ವಾದಿಸಿದರು. ನಂಬಿಕೆಯ ಸ್ವಾತಂತ್ರ್ಯ ಕೊಡುತ್ತೇವೆ ಎನ್ನುವ ಪೀಠಿಕೆಗೇ ಇದು ವಿರುದ್ಧ ಅಂದವರು ಹೃದಯನಾಥ ಕುಂಜ್ರು. ದೇವರನ್ನು ಓಟಿಗೆ ಹಾಕಬೇಡಿ ಅಂತ ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತ್ ಹಿಂದೆ ಸರಿಯಲಿಲ್ಲ. ಕೈ ಎತ್ತಿಸಿದರು. ಪರ 41, ವಿರುದ್ಧ 68.

ಆ 68 ಜನರೆಲ್ಲ ನಾಸ್ತಿಕರಾ? ಖಂಡಿತ ಅಲ್ಲ. ಮನೆಯ ದೇವರು ಮನೆಯಲ್ಲಿರಲಿ, ದೇಶಕ್ಕೆ ಜನರೇ ಒಡೆಯರು ಅಂತ ಸಭೆ ತೀರ್ಮಾನಿಸಿತು. ಹಾಗಾಗಿಯೇ ನಮ್ಮ ಪೀಠಿಕೆ "ಭಾರತದ ಪ್ರಜೆಗಳಾದ ನಾವು" ಅಂತ ಶುರುವಾಗುತ್ತೆ. "ಜಾತ್ಯತೀತ ಅನ್ನೋದು 1976ರಲ್ಲಿ ತುರುಕಿದ ಪದ" ಅಂತ ಯಾರಾದರೂ ವಾಟ್ಸಾಪಲ್ಲಿ ಕಳಿಸಿದರೆ ಈ ದಿನಾಂಕ ಕಳಿಸಿ. ಪದ ಬಂದದ್ದು 1976ರಲ್ಲೇ, ನಿಜ. ತೀರ್ಮಾನ 1949ರದ್ದು.

ಶಾಲೆಯಲ್ಲಿ ಕೈ ಮುಂದೆ ಚಾಚಿ ಹೇಳುತ್ತಿದ್ದ ಪ್ರತಿಜ್ಞೆ ನೆನಪು ಮಾಡಿಕೊಳ್ಳಿ. 1962ರಲ್ಲಿ ವಿಶಾಖಪಟ್ಟಣದಲ್ಲಿ ಪೈಡಿಮರ್ರಿ ವೆಂಕಟ ಸುಬ್ಬರಾವ್ ಅದನ್ನು ತೆಲುಗಿನಲ್ಲಿ ಬರೆದರು. ಅದರಲ್ಲಿ ದೇಶ ಇದೆ, ಅಣ್ಣತಮ್ಮಂದಿರು ಅಕ್ಕತಂಗಿಯರು ಇದ್ದಾರೆ. ದೇವರಿಲ್ಲ. ಅದಕ್ಕೇ ಕೇರಿಯ ಮಗು, ಮಸೀದಿ ಓಣಿಯ ಮಗು, ಗೌಡರ ಮಗು ಒಂದೇ ಸಾಲಲ್ಲಿ ನಿಂತು ಹೇಳಬಹುದು.

ಅಮೆರಿಕದಲ್ಲಿ ಉಲ್ಟಾ ಆಯಿತು. ಅವರ ರಾಷ್ಟ್ರಪ್ರತಿಜ್ಞೆಯನ್ನು 1892ರಲ್ಲಿ ಬರೆದ ಫ್ರಾನ್ಸಿಸ್ ಬೆಲ್ಲಮಿ ಸ್ವತಃ ಚರ್ಚಿನ ಪಾದ್ರಿ. ಆದರೂ ದೇವರ ಹೆಸರು ಬರೆದಿರಲಿಲ್ಲ. 1954ರಲ್ಲಿ, ಕಮ್ಯುನಿಸ್ಟ್ ರಷ್ಯಾದ ಭಯದ ಕಾಲದಲ್ಲಿ, ಕಾಯ್ದೆ ಮಾಡಿ ಸೇರಿಸಿದರು. ಇವತ್ತು ಅಲ್ಲಿಯ ಎಷ್ಟೋ ಜನರಿಗೆ ಅದು "ಮೊದಲಿಂದಲೂ ಹಿಂಗೇ".

ನಮಗೆ ಇದು ಬರೀ ಪದದ ಜಗಳ ಅಲ್ಲ. ಹರಿಹರದಲ್ಲೇ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ಎದುರಿಸಿತು. ಅಲ್ಲೂ ಹೇಳಿದ್ದು ಅದನ್ನೇ: ದೇವರಿಗೆ ಹೊತ್ತ ಹರಕೆ, ಮೊದಲಿಂದಲೂ ನಡೆದು ಬಂದದ್ದು. ದೇವರ ಹೆಸರಲ್ಲಿ ಕೊಡಿಸುವ ಮಾತಿಗೆ ಬೆಲೆ ತೆರುವವರು ಯಾರು ಅಂತ ನಮಗೆ ಗೊತ್ತು. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು 22 ಪ್ರತಿಜ್ಞೆ ಕೊಟ್ಟಾಗ, ಲಕ್ಷಾಂತರ ಜನ ಹಳೆಯ ದೇವರುಗಳನ್ನು ಬಿಟ್ಟೇ ಹೊಸ ಮಾತು ಕೊಟ್ಟರು.

ದೇವರನ್ನು ನಂಬುವ ನಮ್ಮವರ ಮೇಲೆ ನನಗೆ ಸಿಟ್ಟಿಲ್ಲ. ಅವ್ವ ಇವತ್ತಿಗೂ ದೀಪ ಹಚ್ಚುತ್ತಾಳೆ. ನಾನು ಹೇಳುವುದು ಇಷ್ಟೇ, ಎರಡನೇ ಬಾಗಿಲು ಯಾರೋ ಕೊಟ್ಟ ರಿಯಾಯಿತಿ ಅಲ್ಲ, ನಮ್ಮ ಹಕ್ಕು. ಕೋರ್ಟಿನ ಸಾಕ್ಷಿಗೂ 1969ರ ಪ್ರಮಾಣಗಳ ಕಾಯ್ದೆ ಅದನ್ನೇ ಕೊಡುತ್ತೆ. ಸಾಕ್ಷಿ ಹೇಳಲು ಹೋಗುವವರು, ಗೆದ್ದು ಅಧಿಕಾರಕ್ಕೆ ಹೋಗುವವರು ಈ ಸಾಲನ್ನು ಬಾಯಿಪಾಠ ಮಾಡಿಕೊಳ್ಳಿ: "ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆ."

ಮುಂದಿನ ಸಲ ಕಟಕಟೆ ಹತ್ತಿದರೆ ನಾನು ಹೇಳುವುದು ಇದನ್ನೇ. ಅಜ್ಜನ ಹಾಗೆ ಬೀದಿಯಲ್ಲಿ ನಿಂತು ಅಲ್ಲ, ಒಳಗೆ ನಿಂತು.

ಜೈ ಭೀಮ್. ಜೈ ಸಂವಿಧಾನ.