ಗೇಟಿನ ಒಳಗೆ ಬಂದ ಪೋಷಕರು

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ (ಎಸ್‌ಡಿಎಂಸಿ) 25 ವರ್ಷ ತುಂಬಿದ ನೆಪದಲ್ಲಿ ಹೊರಬರುತ್ತಿರುವ ಈ ಸಂಚಿಕೆಗೆ ‘ನಡೆದು ಬಂದ ದಾರಿ’ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದ್ದಾರೆ. ಹಿರಿಯರನ್ನು ನೆನೆಯಬೇಕು, ಸಾಧನೆಗಳನ್ನು ಹೇಳಬೇಕು ಎಂಬುದು ಅವರ ಅಪೇಕ್ಷೆ. ಎರಡನ್ನೂ ಮಾಡುತ್ತೇನೆ. ಆದರೆ ಇಂಥ ಲೇಖನಗಳಲ್ಲಿ ಸಾಮಾನ್ಯವಾಗಿ ಸಾಧನೆ ಎಂದು ಎಣಿಸುವುದು ಕೊಠಡಿ, ಕಾಂಪೌಂಡು, ಕಂಪ್ಯೂಟರುಗಳನ್ನು. ನನ್ನ ಎಣಿಕೆ ಬೇರೆ. ಎಸ್‌ಡಿಎಂಸಿಯನ್ನು ಕಾಗದದಿಂದ ಊರಿಗೆ ಇಳಿಸಿದ್ದು ಅನುದಾನವಲ್ಲ, ಕಲಿಕೆಯ ಮಟ್ಟದ ಮೇಲಿನ ಚರ್ಚೆಯೂ ಅಲ್ಲ. ಮಗು ಬೆಳಿಗ್ಗೆ ಹೋದಂತೆಯೇ ಸಂಜೆ ಮನೆಗೆ ಮರಳಬೇಕು ಎಂಬ ಹೆತ್ತವರ ಕಾಳಜಿ. ಊಟ, ನೀರು, ಸೂರು, ದಾರಿ ಈ ನಾಲ್ಕರ ಮೇಲೆ ಕಣ್ಣಿಟ್ಟ ಕಡೆ ಸಮಿತಿ ಜೀವಂತವಾಗಿದೆ, ಉಳಿದ ಕಡೆ ಸಹಿ ಪುಸ್ತಕವಾಗಿದೆ. ಬಿಸಿಯೂಟದ ಮೇಲುಸ್ತುವಾರಿಯ ಕೆಲಸದಲ್ಲಿ ಪಾಲಿದ್ದವನು ಅದನ್ನೇ ಹಿಗ್ಗಿಸಿ ಹೇಳುತ್ತಾನೆ ಎಂದು ಕೆಲವರು ಅನ್ನಬಹುದು. ಅನ್ನಲಿ, ಪುರಾವೆಗಳನ್ನು ನೋಡಿ ತೀರ್ಮಾನಿಸಲಿ.

ಊರಿಗೂ ಶಾಲೆಗೂ ನಂಟು ಬೆಸೆಯಲು ಈ ಸಮಿತಿಗಳನ್ನು ಹುಟ್ಟುಹಾಕಿದ 2001ರ ಆದೇಶವೇ ಬರಬೇಕಾಗಿರಲಿಲ್ಲ. ಹಳೇ ಮೈಸೂರಿನ ಕೂಲಿಮಠ, ಉತ್ತರದ ಗಾಂವಠಿ ಶಾಲೆ ಎರಡೂ ಊರಿನವರು ಕೊಟ್ಟ ಕಾಳಿನ ಮೇಲೆ, ಗುಡಿಯದೋ ಮಠದ್ದೋ ಜಗಲಿಯ ಮೇಲೆ ನಡೆದವು. ಧಾರವಾಡ ಸೀಮೆಯಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಸಾಲಿಗಳಿಗಾಗಿ ದುಡಿದ ಹತ್ತೊಂಬತ್ತನೆಯ ಶತಮಾನದಲ್ಲಿ ಊರಿನ ಒಪ್ಪಿಗೆಯಿಲ್ಲದೆ ಸಾಲಿ ನಿಲ್ಲುವುದೇ ಕಷ್ಟವಾಗಿತ್ತು. 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣ ಕಾಯಿದೆ ತಂದು ಕಡ್ಡಾಯ ಶಿಕ್ಷಣಕ್ಕೆ ದಾರಿ ಮಾಡಿತು. ಸರ್ಕಾರ ಹೊಣೆ ಹೊತ್ತದ್ದು ದೊಡ್ಡ ಪುಣ್ಯದ ಕೆಲಸವೇ. ಅದಿಲ್ಲದಿದ್ದರೆ ಬಡವರ ಮನೆಗೆ ಅಕ್ಷರ ಕಾಲಿಡುತ್ತಿರಲಿಲ್ಲ. ಆದರೆ ಹೊಣೆ ಇಲಾಖೆಯದಾದ ಮೇಲೆ ಶಾಲೆ ‘ಸರ್ಕಾರದ್ದು’ ಆಯಿತು. ಜಾಗ ಕೊಟ್ಟವನ, ತೊಲೆ ಹೊತ್ತವನ ಮೊಮ್ಮಕ್ಕಳು ಗೇಟಿನ ಆಚೆ ನಿಂತು ಮಾತಾಡಿಸುವ ಕಾಲ ಬಂತು. ನಡುವೆ ಇದ್ದ ಬೆಟರ್‌ಮೆಂಟ್ ಕಮಿಟಿಗಳಲ್ಲಿ ಊರಿನ ಪ್ರಮುಖರು ಕೂರುತ್ತಿದ್ದರು; ಅವರ ಮಕ್ಕಳು ಆ ಶಾಲೆಯಲ್ಲೇ ಇರಬೇಕೆಂಬ ಕಟ್ಟುಪಾಡು ಇರಲಿಲ್ಲ.

ಸಮಿತಿಯಲ್ಲಿ ಕೂರುವವರ ಮಕ್ಕಳು ಆ ಶಾಲೆಯಲ್ಲೇ ಇರಬೇಕು ಎಂಬ ಈ ಒಂದು ಎಳೆಯನ್ನು ಹಿಡಿದವರನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಎಸ್.ಎಂ. ಕೃಷ್ಣ ಅವರ ಸರ್ಕಾರ ನೇಮಿಸಿದ ಶಿಕ್ಷಣ ಕಾರ್ಯಪಡೆಗೆ ಅಧ್ಯಕ್ಷರಾಗಿದ್ದವರು ಡಾ. ರಾಜಾ ರಾಮಣ್ಣ. ತಿಪಟೂರಿನಲ್ಲಿ ಹುಟ್ಟಿ, ಪರಮಾಣು ವಿಜ್ಞಾನದಲ್ಲಿ ಜಗತ್ತಿಗೇ ಹೆಸರಾದವರು ಹಳ್ಳಿ ಶಾಲೆಯ ಆಡಳಿತದ ಬಗ್ಗೆ ಕುಳಿತು ಯೋಚಿಸಿದರು ಎಂಬುದು ಸಣ್ಣ ಸಂಗತಿಯಲ್ಲ. ಆಗ ಶಿಕ್ಷಣ ಸಚಿವರಾಗಿದ್ದ ಎಚ್. ವಿಶ್ವನಾಥ್ ಕಾರ್ಯಪಡೆಯ ಶಿಫಾರಸನ್ನು ಕಪಾಟಿನಲ್ಲಿ ಮಲಗಲು ಬಿಡಲಿಲ್ಲ. 2001ರ ಏಪ್ರಿಲ್ 28ರಂದು ಆದೇಶ ಹೊರಬಿತ್ತು. ಅದರ ತಿರುಳು ಇಷ್ಟೇ: ಶಾಲೆಯಲ್ಲಿ ಓದುವ ಮಕ್ಕಳ ತಂದೆತಾಯಿಗಳೆಲ್ಲ ಸೇರಿದ ಪೋಷಕರ ಪರಿಷತ್ತು, ಅದು ತನ್ನೊಳಗಿಂದಲೇ ಆರಿಸುವ 9 ಮಂದಿ, ಅವರಲ್ಲೊಬ್ಬರು ಅಧ್ಯಕ್ಷರು, ಮುಖ್ಯೋಪಾಧ್ಯಾಯರು ಸದಸ್ಯ ಕಾರ್ಯದರ್ಶಿ. ಮಗು ಆ ಶಾಲೆಯಲ್ಲಿ ಇಲ್ಲದವರು ಎಷ್ಟೇ ದೊಡ್ಡ ಮನುಷ್ಯರಾದರೂ ಆ ಒಂಬತ್ತರಲ್ಲಿ ಸೇರುವಂತಿರಲಿಲ್ಲ. ಮುಂದೆ ಈ ಸಮಿತಿಗಳಿಗೆ ಕಾನೂನಿನ ತಿಳಿವಳಿಕೆ ಕೊಟ್ಟು, ಒಂದಕ್ಕೊಂದು ಬೆಸೆಯಲು ವರ್ಷಗಟ್ಟಲೆ ಓಡಾಡಿದ ನ್ಯಾಷನಲ್ ಲಾ ಸ್ಕೂಲಿನ ವಿ.ಪಿ. ನಿರಂಜನಾರಾಧ್ಯ ಅವರ ಹೆಸರನ್ನು ಬಿಟ್ಟರೆ ಈ ಚರಿತ್ರೆ ಅಪೂರ್ಣ.

ಆ ಮೊದಲ ದಿನಗಳ ಕಷ್ಟವನ್ನು ಇಂದಿನವರು ಊಹಿಸುವುದು ಸುಲಭವಲ್ಲ. ರಾಜ್ಯದ 40 ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಲ್ಲಿ ಏಕಕಾಲಕ್ಕೆ ಪೋಷಕರನ್ನು ಸೇರಿಸಿ ಆಯ್ಕೆ ನಡೆಸಬೇಕಿತ್ತು. ನಿನ್ನೆಯವರೆಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ‘ಸಾರ್’ ಎಂದು ಕೈಕಟ್ಟಿ ನಿಂತವರು ಇವತ್ತು ಚೆಕ್ಕಿಗೆ ಜಂಟಿ ಸಹಿ ಹಾಕುವವರಾದರೆ ಮೇಷ್ಟ್ರುಗಳಿಗೆ ಇರಿಸುಮುರಿಸಾಗುವುದು ಸಹಜ. ಓದಲು ಬಾರದವರು ಲೆಕ್ಕ ನೋಡುವರೇ ಎಂಬ ಪ್ರಶ್ನೆ ಸ್ಟಾಫ್ ರೂಮಿನಲ್ಲೂ ಇತ್ತು, ಬಿಇಒ ಕಚೇರಿಯಲ್ಲೂ ಇತ್ತು. ಪ್ರಶ್ನೆಯಲ್ಲಿ ಸ್ವಲ್ಪ ಹುರುಳೂ ಇತ್ತು. ನಡಾವಳಿ ಬರೆಯುವುದು, ರಸೀದಿ ಜೋಡಿಸುವುದು ಕೂಲಿ ಕೆಲಸದವರಿಗೆ ಒಗ್ಗಿದ ವಿದ್ಯೆಯಲ್ಲ. ಪಾಠದ ಬಗ್ಗೆ ಮಾತಾಡಲು ಅವರಿಗೆ ಹಿಂಜರಿಕೆ, ಲೆಕ್ಕದ ಬಗ್ಗೆ ಮಾತಾಡಲು ಭಯ. ಹೀಗೇ ಮುಂದುವರಿದಿದ್ದರೆ ಎಸ್‌ಡಿಎಂಸಿಯೂ ಹಿಂದಿನ ಕಮಿಟಿಗಳ ಸಾಲಿಗೇ ಸೇರುತ್ತಿತ್ತು.

ಹಾಗಾಗದಂತೆ ತಡೆದದ್ದು ಅಡುಗೆ ಮನೆ. ಶಾಲೆಗಳಲ್ಲಿ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಹೇಳಿತು. ಮುಂದಿನ ವರ್ಷ ಬೀದರ್, ಗುಲ್ಬರ್ಗ, ರಾಯಚೂರು, ಕೊಪ್ಪಳ, ಬಳ್ಳಾರಿ, ಬಿಜಾಪುರ, ಬಾಗಲಕೋಟೆ ಈ ಏಳು ಜಿಲ್ಲೆಗಳಲ್ಲಿ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ಆರಂಭವಾಗಿ, 2003ರಲ್ಲಿ ಉಳಿದ ಜಿಲ್ಲೆಗಳಿಗೆ ಹರಡಿತು. ಒಲೆ ಹೊತ್ತಿದ ದಿನವೇ ಸಮಿತಿಯ ಹೆಣ್ಣುಮಕ್ಕಳಿಗೆ ಮಾತು ಬಂತು ಎಂದರೆ ಅತಿಶಯವಲ್ಲ. ಅಕ್ಕಿಯಲ್ಲಿ ಹುಳವಿದೆಯೇ, ಬೇಳೆ ಬೆಂದಿದೆಯೇ, ಎಣ್ಣೆ ಕಮಟು ಹಿಡಿದಿದೆಯೇ, ಪಾತ್ರೆ ಉಜ್ಜಿದ ನೀರು ಎಲ್ಲಿಯದು, ಇವನ್ನು ಕೇಳಲು ಯಾವ ಅಕ್ಷರಜ್ಞಾನವೂ ಬೇಡ. ವ್ಯಾಕರಣ ಪಾಠ ಸರಿಯೋ ತಪ್ಪೋ ಹೇಳಲಾರದ ತಾಯಿ ಸಾಂಬಾರು ಸರಿಯೋ ತಪ್ಪೋ ಎಂಬುದನ್ನು ಯಾವ ಇನ್ಸ್‌ಪೆಕ್ಟರಿಗಿಂತಲೂ ಚೆನ್ನಾಗಿ ಹೇಳಬಲ್ಲಳು. ತನಗೆ ಖಚಿತವಾಗಿ ಗೊತ್ತಿರುವ ವಿಷಯದಲ್ಲಿ ಒಮ್ಮೆ ಬಾಯಿಬಿಟ್ಟವಳು ಮುಂದಿನ ಸಭೆಯಲ್ಲಿ ಶೌಚಾಲಯದ ಬಾಗಿಲ ಬಗ್ಗೆ, ಅದರ ಮುಂದಿನದರಲ್ಲಿ ಹಾಜರಾತಿಯ ಬಗ್ಗೆ ಕೇಳುತ್ತಾಳೆ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ, ಸುರಕ್ಷತೆ ತಜ್ಞರ ಕೆಲಸ ಎಂಬುದು. ಕಟ್ಟಡಕ್ಕೆ ಎಂಜಿನಿಯರು, ಆಹಾರಕ್ಕೆ ಆರೋಗ್ಯ ಇಲಾಖೆ, ಬೆಂಕಿಗೆ ಅಗ್ನಿಶಾಮಕ ದಳ ಇರುವಾಗ ಪೋಷಕರು ಏನು ಮಾಡಿಯಾರು? 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡುಗೆ ಮನೆಯ ಬೆಂಕಿ ಹುಲ್ಲಿನ ಮಾಡಿಗೆ ಹತ್ತಿ 94 ಮಕ್ಕಳು ಬೆಂದುಹೋದರು. ಒಂಬತ್ತು ವರ್ಷದ ನಂತರ, ಅದೇ ಜುಲೈ 16ರಂದು, ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಹಳ್ಳಿಯಲ್ಲಿ ಕೀಟನಾಶಕ ಬೆರೆತ ಎಣ್ಣೆಯ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಹುಲ್ಲಿನ ಮಾಡಿನ ಕೆಳಗೆ ಒಲೆ ಉರಿಯುತ್ತಿದೆ, ಎಣ್ಣೆ ವಿಚಿತ್ರವಾಗಿ ನಾರುತ್ತಿದೆ ಎಂದು ಗುರುತಿಸಲು ಪದವಿ ಬೇಕಾಗಿರಲಿಲ್ಲ. ನೋಡುವ ಹಕ್ಕು, ನಿಲ್ಲಿಸಿ ಎನ್ನುವ ಹಕ್ಕು ಇರುವ ಹೊರಗಿನವರೊಬ್ಬರು ಅಲ್ಲಿ ಬೇಕಿತ್ತು. ಕುಂಭಕೋಣದ ದುರಂತದ ಹಿನ್ನೆಲೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ ಸುರಕ್ಷಿತ ಶಾಲೆ ಶಿಕ್ಷಣದ ಹಕ್ಕಿನ ಭಾಗವೇ ಎಂದು ತೀರ್ಪಿತ್ತು, ನಿಯಮಗಳನ್ನು ವಿಧಿಸಿತು. ನಿಯಮ ಬರೆಯುವವರು, ಪರೀಕ್ಷಿಸುವವರು ತಜ್ಞರೇ ಇರಲಿ. ಆದರೆ ತಜ್ಞರು ವರ್ಷಕ್ಕೊಮ್ಮೆ ಬರುತ್ತಾರೆ, ಒಲೆ ದಿನವೂ ಉರಿಯುತ್ತದೆ. ಮಕ್ಕಳಿಗೆ ಬಡಿಸುವ ಮೊದಲು ಹಿರಿಯರು ಉಂಡು ನೋಡಬೇಕೆಂಬ ಕಟ್ಟಳೆ ನಿಂತಿರುವುದು ಈ ತಿಳಿವಳಿಕೆಯ ಮೇಲೆಯೇ.

ನಮ್ಮಲ್ಲಿ ಶಾಲಾ ವರ್ಷ ಆರಂಭವಾಗುವುದೂ ಮುಂಗಾರು ಕಾಲಿಡುವುದೂ ಹೆಚ್ಚುಕಡಿಮೆ ಒಟ್ಟಿಗೇ. ಪ್ರಾರಂಭೋತ್ಸವಕ್ಕೆ ತಳಿರು ತೋರಣ ಕಟ್ಟುವ ವಾರದಲ್ಲೇ ಸೋರುವ ಹೆಂಚು, ನೆನೆದ ಗೋಡೆ, ಎರಡು ತಿಂಗಳು ಮುಚ್ಚಿಟ್ಟ ನೀರಿನ ತೊಟ್ಟಿ, ಇಲಿ ಕಡಿದ ವೈರು ಇವೆಲ್ಲ ಮಕ್ಕಳನ್ನು ಎದುರುಗೊಳ್ಳುತ್ತವೆ. ಮಲೆನಾಡು, ಕರಾವಳಿಯಲ್ಲಂತೂ ಅಪಾಯ ಶಾಲೆಯ ಆವರಣದ ಹೊರಗೇ ಶುರು. 2022ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕ ದಾಟುವಾಗ ಹಳ್ಳದ ಪಾಲಾದಳು. ಯಾವ ಮನೆಯ ಮಗು ಯಾವ ಸಂಕ ದಾಟಿ ಬರುತ್ತದೆ ಎಂಬ ನಕ್ಷೆ ಜಿಲ್ಲಾ ಕಚೇರಿಯಲ್ಲಿ ಇರದಿದ್ದರೂ ಪೋಷಕರ ಪರಿಷತ್ತಿನ ತಲೆಯಲ್ಲಿ ಇದ್ದೇ ಇರುತ್ತದೆ. ಜೂನ್ ತಿಂಗಳ ಮೊದಲ ಸಭೆಯಲ್ಲಿ ಅದನ್ನು ಬರೆದುಕೊಳ್ಳುವ ಕೆಲಸಕ್ಕಿಂತ ಮುಖ್ಯವಾದ ಅಜೆಂಡಾ ಆ ತಿಂಗಳು ಇನ್ನೊಂದಿಲ್ಲ.

ನಡುವಿನ ವರ್ಷಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 2006-07ರಲ್ಲಿ ಎಂಟನೇ ತರಗತಿಗೆ ಸೈಕಲ್ ಬಂತು. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಪಾಲು ಹೆಂಗಸರು ಇರಬೇಕೆಂದಿತು. ಕರ್ನಾಟಕ ಹಿಡಿದಿದ್ದ ದಾರಿಗೆ ದೇಶದ ಮುದ್ರೆ ಬಿದ್ದಂತಾಯಿತು. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ, 2020ರ ಕೊರೊನಾ ಕಾಲದಲ್ಲಿ ವಿದ್ಯಾಗಮ. ಸಮಿತಿ ರಚನೆಯಲ್ಲಿ ಶಾಸಕರ ಮಾತು ಎಷ್ಟು ನಡೆಯಬೇಕು, ಗ್ರಾಮ ಪಂಚಾಯಿತಿ ಮೇಲೋ ಸಮಿತಿ ಮೇಲೋ ಎಂಬ ವಿಷಯದಲ್ಲಿ ಜೊತೆಗೆ ದುಡಿದವರಲ್ಲೇ ಭಿನ್ನಾಭಿಪ್ರಾಯ ಬಂದದ್ದುಂಟು. ಎರಡೂ ಕಡೆಯವರು ಈ ಸಂಚಿಕೆಯ ಹಿತೈಷಿಗಳು, ಅದನ್ನು ಇಲ್ಲಿ ಕೆದಕುವುದು ಬೇಡ.

ಇನ್ನು ಮಕ್ಕಳನ್ನು ಗೌರವಿಸುವ ವಿಷಯ. ಪ್ರತಿಭಾ ಕಾರಂಜಿ ಹಳ್ಳಿಯ ಮಕ್ಕಳಿಗೆ ಕ್ಲಸ್ಟರಿನಿಂದ ರಾಜ್ಯಮಟ್ಟದವರೆಗೆ ವೇದಿಕೆ ಕೊಟ್ಟಿತು, ಅದರ ಉಪಕಾರ ದೊಡ್ಡದು. ಎಸ್‌ಎಸ್‌ಎಲ್‌ಸಿಯಲ್ಲಿ ಮೊದಲು ಬಂದವರಿಗೆ ಶಾಲು ಹೊದಿಸುವುದಂತೂ ಎಲ್ಲ ಊರಿನಲ್ಲೂ ಇದೆ. ಧೈರ್ಯ ತೋರಿದ ಬಾಲಕರಿಗೆ ಹೊಯ್ಸಳ, ಬಾಲಕಿಯರಿಗೆ ಕೆಳದಿ ಚೆನ್ನಮ್ಮ ಪ್ರಶಸ್ತಿಗಳಿವೆ. 2019ರ ಆಗಸ್ಟಿನ ಕೃಷ್ಣೆಯ ಪ್ರವಾಹದಲ್ಲಿ, ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಹುಡುಗನೊಬ್ಬ ಮುಳುಗಿದ ಸೇತುವೆಯ ಮೇಲೆ ಮುಂದೆ ಮುಂದೆ ಓಡಿ ಆಂಬುಲೆನ್ಸಿಗೆ ದಾರಿ ತೋರಿಸಿದ. ಸ್ವಾತಂತ್ರ್ಯ ದಿನದಂದು ಜಿಲ್ಲಾಡಳಿತ ಅವನನ್ನು ಸನ್ಮಾನಿಸಿತು, ಮುಂದೆ ರಾಷ್ಟ್ರಮಟ್ಟದ ಶೌರ್ಯ ಪ್ರಶಸ್ತಿಯೂ ಬಂತು. ನಾಡೇ ಹೆಮ್ಮೆಪಟ್ಟಿತು, ಪಡಬೇಕಾದ್ದೇ. ಆದರೆ ಆ ಸನ್ಮಾನ ಆಗಿ ಮೂರನೇ ದಿನ, ನೆರೆಯ ಕೊಪ್ಪಳದ ವಿದ್ಯಾರ್ಥಿನಿಲಯವೊಂದರಲ್ಲಿ ಅದೇ ಸ್ವಾತಂತ್ರ್ಯ ದಿನಕ್ಕೆ ನೆಟ್ಟಿದ್ದ ಧ್ವಜದ ಕಬ್ಬಿಣದ ಕಂಬ ಇಳಿಸುವಾಗ ವಿದ್ಯುತ್ ತಂತಿ ತಗುಲಿ ಐವರು ಹುಡುಗರು ಸತ್ತರು. ಎರಡು ಸುದ್ದಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮಗುವಿನ ಶೌರ್ಯಕ್ಕೆ ಕೊಡುವ ಪದಕದ ಹಿಂಬದಿಯಲ್ಲಿ ಹಲವು ಸಲ ದೊಡ್ಡವರ ಅಜಾಗರೂಕತೆಯ ಹೆಸರೂ ಕೆತ್ತಿರುತ್ತದೆ ಎನಿಸುತ್ತದೆ. ಪ್ರಾಣ ಪಣಕ್ಕಿಟ್ಟ ಮಗುವನ್ನು ಕೊಂಡಾಡುವ ನಾವು, ಬಿಸಿಯೂಟಕ್ಕೆ ಮುಂಚೆ ಸಾಲಿನಲ್ಲಿ ನಿಂತು ಚಿಕ್ಕವರ ಕೈ ತೊಳೆಸುವ ಶಾಲಾ ಸಂಸತ್ತಿನ ಆರೋಗ್ಯ ಮಂತ್ರಿಯನ್ನು, ‘ಆ ಸ್ವಿಚ್ಚು ಶಾಕ್ ಹೊಡೀತದೆ ಮಿಸ್’ ಎಂದು ಮೊದಲು ಹೇಳಿದ ಹುಡುಗಿಯನ್ನು ವೇದಿಕೆಗೆ ಕರೆಯುವುದಿಲ್ಲ. ಇಂಥ ಸಣ್ಣ ಕೆಲಸಕ್ಕೂ ಬಹುಮಾನ ಹಂಚಿದರೆ ಬಹುಮಾನದ ಬೆಲೆ ಇಳಿಯುವುದಿಲ್ಲವೇ ಎನ್ನುವವರಿದ್ದಾರೆ. ಅಂಕಕ್ಕೆ ಕೊಡುವ ಬಹುಮಾನ ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗಿಲ್ಲ. ಎಚ್ಚರ ಹಾಗಲ್ಲ, ಒಬ್ಬ ಹುಡುಗಿ ಹೇಳಿದ್ದರಿಂದ ತರಗತಿಯೇ ಉಳಿಯುತ್ತದೆ. ಮಕ್ಕಳ ಮಾತನ್ನು ದೊಡ್ಡವರು ಕಿವಿಗೊಟ್ಟು ಕೇಳಲೆಂದೇ 2006ರಿಂದ ಮಕ್ಕಳ ಗ್ರಾಮಸಭೆಗಳು ಇವೆ. ಅಲ್ಲಿ ಬರುವ ದೂರುಗಳಲ್ಲಿ ಬಹುಪಾಲು ದಾರಿ, ನೀರು, ಶೌಚಾಲಯದವೇ.

ಊರಿನವರು ಕೈಜೋಡಿಸಿದಷ್ಟೂ ಸರ್ಕಾರ ಕೈತೊಳೆದುಕೊಳ್ಳುತ್ತದೆ ಎಂಬುದು ಇನ್ನೊಂದು ಆಕ್ಷೇಪ, ಮತ್ತು ಇದು ಗಟ್ಟಿಯಾದದ್ದು. 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಅವಕಾಶ ಕೊಟ್ಟ ಸುತ್ತೋಲೆ ಬಂತು. ವಿರೋಧ ಎದ್ದದ್ದೇ ತಡ ಹಿಂದಕ್ಕೆ ಹೋಯಿತು. ಉಚಿತ ಶಿಕ್ಷಣದ ಹೊಣೆಯನ್ನು ಹೀಗೆ ಜಾರಿಸಬಾರದು ಎಂದವರೇ ಸರಿ. ಆದರೆ ಪೋಷಕರ ಹಣಕ್ಕೂ ಪೋಷಕರ ಕಣ್ಣಿಗೂ ವ್ಯತ್ಯಾಸವಿದೆ. ಕೊಠಡಿ ಕಟ್ಟುವುದು ಸರ್ಕಾರದ ಕೆಲಸ, ಬಿರುಕು ಬಿಟ್ಟಿದೆ ಎಂದು ಬರೆದು ಮೊಹರು ಹಾಕಿಸಿಕೊಳ್ಳುವುದು ಸಮಿತಿಯದು. ಸಮಿತಿ ಬಲವಾಗಿದ್ದ ಕಡೆ ಸರ್ಕಾರಕ್ಕೆ ತಪ್ಪಿಸಿಕೊಳ್ಳುವುದು ಕಷ್ಟವಾಗುತ್ತದೆ, ಸುಲಭವಲ್ಲ. ಮಾಡಿನಿಂದ ಹೆಂಚು ಬೀಳುವ ಮೊದಲೇ ಕೊಟ್ಟ ಅರ್ಜಿಯ ಪ್ರತಿ ಊರಿನವರ ಕೈಯಲ್ಲಿದ್ದರೆ ‘ನಮ್ಮ ಗಮನಕ್ಕೆ ಬಂದಿರಲಿಲ್ಲ’ ಎನ್ನುವ ಮಾತು ನಡೆಯುವುದಿಲ್ಲ.

ಕೊನೆಯ ಮಾತು ಮಕ್ಕಳ ಸಂಖ್ಯೆಯದು. ಹಳ್ಳಿ ಹಳ್ಳಿಯಿಂದ ಹಳದಿ ವ್ಯಾನುಗಳು ಮಕ್ಕಳನ್ನು ಪೇಟೆಯ ಕಾನ್ವೆಂಟುಗಳಿಗೆ ಒಯ್ಯುತ್ತಿರುವಾಗ, ಉಳಿದ ಹತ್ತು ಹನ್ನೆರಡು ಮಕ್ಕಳ ಶಾಲೆಗೆ ಸಮಿತಿ ಯಾಕೆ ಎಂದು ಕೇಳುತ್ತಾರೆ. ಸಣ್ಣ ಶಾಲೆಗಳನ್ನು ಕೂಡಿಸಿ ಕರ್ನಾಟಕ ಪಬ್ಲಿಕ್ ಶಾಲೆಗಳಂಥ ದೊಡ್ಡ ಶಾಲೆಗಳನ್ನು ಬೆಳೆಸುವ ವಿಚಾರವೂ ಬಲವಾಗುತ್ತಿದೆ. ಅದರ ಪರ ವಿರೋಧ ಎರಡಕ್ಕೂ ಕಾರಣಗಳಿವೆ. ನನ್ನ ಕಳಕಳಿ ಒಂದೇ. ಕಿರಿಯ ಪ್ರಾಥಮಿಕ ಶಾಲೆ ಮನೆಯಿಂದ 1 ಕಿಲೋಮೀಟರಿನೊಳಗೆ, ಹಿರಿಯದು 3 ಕಿಲೋಮೀಟರಿನೊಳಗೆ ಇರಬೇಕೆಂಬ ನಿಯಮವನ್ನು ಕಲಿಕೆಯ ಜೊತೆಗೆ ದಾರಿಯನ್ನೂ ನೆನಪಿಟ್ಟು ಮಾಡಲಾಗಿದೆ. ಶಾಲೆ ದೂರವಾದರೆ ಮಗುವಿಗೆ ಬಸ್ಸು ಸಿಗಬಹುದು, ಮಧ್ಯಾಹ್ನದ ಹೊತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅಡುಗೆ ಮನೆಗೆ ಬಂದು ಸಾಂಬಾರಿನ ರುಚಿ ನೋಡುವ ತಾಯಿಗೆ ಬಸ್ಸಿಲ್ಲ. ಕೂಡಿಕೆಯ ಯೋಜನೆ ಬರೆಯುವವರು ದೊಡ್ಡ ಶಾಲೆಯ ಸಮಿತಿಯಲ್ಲಿ ಪ್ರತಿ ಹಳ್ಳಿಗೂ ಒಂದು ಜಾಗ, ಸಭೆಯ ದಿನ ಆ ಹಳ್ಳಿಯ ಪೋಷಕರಿಗೆ ಮಕ್ಕಳ ಬಸ್ಸಿನಲ್ಲೇ ಸೀಟು ಎಂಬ ಎರಡು ಸಾಲುಗಳನ್ನು ಸೇರಿಸಬೇಕೆಂದು ಈ ಸಂಚಿಕೆಯ ಮೂಲಕ ಸಮಿತಿಗಳ ಪರವಾಗಿ ಕೇಳಿಕೊಳ್ಳುತ್ತೇನೆ.