ಪರ್ಯಾಯ ಸ್ಟಾಫ್ ಸ್ವರಲಿಪಿಗಳು

ಪಾಶ್ಚಾತ್ಯ ಸಂಗೀತದ ಐದು ಗೆರೆಗಳ ಸ್ಟಾಫ್‌ಗೆ ಬದಲಾಗಿ, ಸ್ಥಾಯಿಯ ಹನ್ನೆರಡು ಸ್ವರಸ್ಥಾನಗಳಿಗೂ ಅವುಗಳ ನಡುವಿನ ಸೂಕ್ಷ್ಮ ಸ್ವರಗಳಿಗೂ ನೇರ ಜಾಗ ಕೊಡಲು ರೂಪಿಸಿದ ಲಿಪಿಗಳು. ರೂಢಿಯ ಸ್ಟಾಫ್ ಏಳು ಸ್ವರಗಳ ಲೆಕ್ಕದ್ದು. ಉಳಿದ ಐದಕ್ಕೆ ಶಾರ್ಪ್, ಫ್ಲ್ಯಾಟ್ ಚಿಹ್ನೆ ಹಚ್ಚಬೇಕು. ಸಿ–ಇ ನಡುವಿನ ಅಂತರ ನಾಲ್ಕು ಅರ್ಧಸ್ವರ, ಡಿ–ಎಫ್ ನಡುವಿನದು ಮೂರೇ. ಕಾಗದದ ಮೇಲೆ ಮಾತ್ರ ಎರಡೂ ಒಂದೇ ಅಳತೆ. ಸುಧಾರಕರ ಮೊದಲ ಆಕ್ಷೇಪ ಇದೇ.

ಆರ್ನಾಲ್ಡ್ ಶೋನ್‌ಬರ್ಗ್ 1924ರಲ್ಲಿ ಮೂರು ಗೆರೆಗಳ ಹನ್ನೆರಡು-ಸ್ವರ ಲಿಪಿಯನ್ನು ರೂಪಿಸಿದರೂ ತಮ್ಮ ಕೃತಿಗಳನ್ನು ಹಳೆಯ ಸ್ಟಾಫ್‌ನಲ್ಲೇ ಅಚ್ಚು ಹಾಕಿಸಿದರು. ನಿಜವಾಗಿ ಬಳಕೆಗೆ ಇಳಿದದ್ದು ನೆದರ್ಲೆಂಡ್ಸ್‌ನ ಕೊರ್ನೆಲಿಸ್ ಪಾಟ್ 1931ರಲ್ಲಿ ಹೊರತಂದ ಕ್ಲಾವರ್‌ಸ್ಕ್ರಿಬೊ. ಇಲ್ಲಿ ಗೆರೆಗಳು ಲಂಬವಾಗಿ, ಪಿಯಾನೊದ ಕಪ್ಪು ಮನೆಗಳಂತೆಯೇ ಎರಡು-ಮೂರರ ಗುಂಪುಗಳಲ್ಲಿ ನಿಲ್ಲುತ್ತವೆ. ಓದು ಮೇಲಿನಿಂದ ಕೆಳಕ್ಕೆ. ಕಪ್ಪು ಮನೆಯ ಸ್ವರ ಗೆರೆಯ ಮೇಲೆ ತುಂಬಿದ ಬೊಟ್ಟು, ಬಿಳಿ ಮನೆಯದು ಗೆರೆಗಳ ನಡುವೆ ಖಾಲಿ ಬೊಟ್ಟು. ಬೊಟ್ಟಿನ ಕಡ್ಡಿ ಬಲಕ್ಕಿದ್ದರೆ ಬಲಗೈ, ಎಡಕ್ಕಿದ್ದರೆ ಎಡಗೈ. ಬೊಟ್ಟು ಇದ್ದಲ್ಲಿ ಬೆರಳು ಒತ್ತಿದರಾಯಿತು. ಶಾರ್ಪ್-ಫ್ಲ್ಯಾಟ್‌ಗಳ ಗೊಡವೆಯೇ ಇಲ್ಲ. ಈ ಲಿಪಿಯಲ್ಲಿ ಸಾವಿರಾರು ಕೃತಿಗಳು ಅಚ್ಚಾಗಿವೆ. ಆದರೆ ಇದರಲ್ಲಷ್ಟೇ ಕಲಿತವರಿಗೆ ಉಳಿದ ಮುದ್ರಿತ ಸಂಗೀತವೆಲ್ಲ ಮುಚ್ಚಿದ ಪುಸ್ತಕ. ಇಂಥ ಲಿಪಿಗಳು ಹರಡದಿರಲು ತರ್ಕದ ಕೊರತೆಗಿಂತ ಈ ಕಾರಣವೇ ದೊಡ್ಡದು.

ಹಳೆಯ ಪದ್ಧತಿಯ ಪರವಾಗಿಯೂ ಗಟ್ಟಿಯಾದ ವಾದವಿದೆ. ಸಿ ಶಾರ್ಪ್, ಡಿ ಫ್ಲ್ಯಾಟ್ ಪಿಯಾನೊದಲ್ಲಿ ಒಂದೇ ಮನೆಯಾದರೂ ಸಂಗೀತದಲ್ಲಿ ಅವುಗಳ ಕೆಲಸ ಬೇರೆ. ಕರ್ನಾಟಕ ಸಂಗೀತ ಬಲ್ಲವರಿಗೆ ಇದು ಹೊಸತಲ್ಲ: ಹನ್ನೆರಡು ಸ್ಥಾನಗಳಿಗೆ ಹದಿನಾರು ಹೆಸರು, ಚತುಶ್ರುತಿ ರಿಷಭ, ಶುದ್ಧ ಗಾಂಧಾರಗಳ ಸ್ಥಾನ ಒಂದೇ. ಕನಕಾಂಗಿ ಮೇಳದಲ್ಲಿ ಆ ಸ್ಥಾನವನ್ನು ರಿಷಭವೆಂದೇ ಬರೆದರೆ ಮೇಳಕ್ಕೆ ಗಾಂಧಾರವೇ ಇಲ್ಲದಂತಾಗುತ್ತದೆ. ಸ್ಥಾನವನ್ನಷ್ಟೇ ತೋರಿಸುವ ಲಿಪಿ ಈ ವ್ಯಾಕರಣವನ್ನು ಕಳೆದುಕೊಳ್ಳುತ್ತದೆ.

ಸೂಕ್ಷ್ಮ ಸ್ವರಗಳಿಗೆ ಬಂದಾಗ ಮೆಕ್ಸಿಕೊದ ಹೂಲಿಯಾನ್ ಕರ್ರಿಯೊ ಐದು ಗೆರೆಗಳನ್ನೇ ಕೈಬಿಟ್ಟು, ಸ್ಥಾಯಿಯನ್ನು 96 ಭಾಗ ಮಾಡಿ 0ಯಿಂದ 95ರ ವರೆಗಿನ ಅಂಕಿಗಳಲ್ಲಿ ಬರೆದರು. ಹೆಚ್ಚಿನವರು ಹಿಡಿದದ್ದು ಬೇರೆ ದಾರಿ: ಸ್ಟಾಫ್ ಹಾಗೆಯೇ ಇರಲಿ, ಚಿಹ್ನೆಗಳು ಹೆಚ್ಚಲಿ. ಚೆಕ್ ಸಂಯೋಜಕ ಅಲೋಯಿಸ್ ಹಾಬಾ ಕಾಲುಸ್ವರಗಳಿಗೆ ಹೊಸ ಗುರುತುಗಳನ್ನು ಬಳಸಿ 1931ರಲ್ಲಿ ಮ್ಯೂನಿಕ್‌ನಲ್ಲಿ ಪ್ರದರ್ಶನಗೊಂಡ ‘ಮಾಟ್ಕಾ’ ಎಂಬ ಆಪೆರಾವನ್ನೇ ರಚಿಸಿದರು. ಜಾರ್ಜ್ ಸೀಕರ್, ಡೇವ್ ಕೀನನ್ ರೂಪಿಸಿದ ಸ್ಯಾಜಿಟಲ್ ಪದ್ಧತಿಯಲ್ಲಿ ಬಾಣದ ಗುರುತುಗಳು ಸ್ವರ ಏರಿದ್ದನ್ನೂ ಇಳಿದದ್ದನ್ನೂ ತೋರಿಸುತ್ತವೆ. ಟರ್ಕಿಯಲ್ಲಿ ಒಂದು ಪೂರ್ಣಸ್ವರವನ್ನು ಒಂಬತ್ತು ಕೊಮಾಗಳಾಗಿ ಎಣಿಸಿ, ಹಲವು ಬಗೆಯ ಶಾರ್ಪ್-ಫ್ಲ್ಯಾಟ್‌ಗಳಿಂದ ರಾಗಗಳಂಥ ಮಕಾಮ್‌ಗಳನ್ನು ಬರೆಯುತ್ತಾರೆ. ಇರಾನಿನಲ್ಲಿ ಅಲಿ-ನಖಿ ವಜೀರಿ ತಂದ ಕೊರೊನ್, ಸೋರಿ ಎಂಬ ಎರಡು ಚಿಹ್ನೆಗಳು ಇಂದಿಗೂ ಪಾಠದಲ್ಲಿವೆ.